ಹೊಳೆ ಬದಿಯಲ್ಲಿ ಧಕ್ಕೆ, ತಡೆಗೋಡೆ ಕಟ್ಟಬೇಕಾ? ಮೊದಲು ಗೆರೆ ನೋಡಿ, ಆಮೇಲೆ ಕಲ್ಲು ತರಿಸಿ

ನಮ್ಮ ಮನೆ ಸ್ವರ್ಣಾ ಹೊಳೆಯ ಬದಿಯಲ್ಲಿ, ಉಡುಪಿ ಹತ್ತಿರದ ಕೆಮ್ಮಣ್ಣು ಊರಿನಿಂದ ಸ್ವಲ್ಪ ಒಳಗೆ. ದೋಣಿ ಕಟ್ಟಲು ಒಂದು ಚಿಕ್ಕ ಧಕ್ಕೆ, ಅದರ ಪಕ್ಕದಲ್ಲಿ ಕುಸಿಯುತ್ತಿದ್ದ ದಂಡೆಗೆ ಇಪ್ಪತ್ತು ಮೀಟರ್ ತಡೆಗೋಡೆ, ನಮಗೆ ಬೇಕಾಗಿದ್ದು ಇಷ್ಟೇ. ಅನುಮತಿ ಸಿಗುವಷ್ಟರಲ್ಲಿ ಎರಡು ಮಳೆಗಾಲ ಕಳೆದವು. ಅದರಲ್ಲಿ ಒಂದು ಸುಮ್ನೆ ಹಾಳಾಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಪಡುಕುದ್ರು, ಹೂಡೆ, ಉದ್ಯಾವರ ಕಡೆಯವರು ಒಬ್ಬೊಬ್ಬರಾಗಿ ಫೋನ್ ಮಾಡಿ ಎಲ್ಲಿಂದ ಶುರು ಮಾಡಬೇಕು ಅಂತ ಕೇಳತೊಡಗಿದರು. ಹಾಗಾಗಿ ಒಮ್ಮೆ ಕೂತು ಎಲ್ಲ ಬರೆದಿಡುತ್ತಿದ್ದೇನೆ.

ಜಾಸ್ತಿ ಜನ ಮಾಡುವ ತಪ್ಪು ಒಂದೇ. ಮೊದಲು ಮೇಸ್ತ್ರಿಯನ್ನು ಕರೆಸಿ ಎಸ್ಟಿಮೇಟ್ ಮಾಡಿಸುತ್ತಾರೆ, ಕೆಂಪುಕಲ್ಲು ಇಳಿಸುತ್ತಾರೆ, ಆಮೇಲೆ ಯಾರೋ ದೂರು ಕೊಟ್ಟಾಗ ಅರ್ಜಿಯ ನೆನಪಾಗುತ್ತದೆ. ಕಟ್ಟಿದ ಮೇಲೆ ಅನುಮತಿ ಕೇಳುವುದು ಕಟ್ಟುವ ಮೊದಲು ಕೇಳುವುದಕ್ಕಿಂತ ಹತ್ತು ಪಟ್ಟು ಕಷ್ಟ. ಕೇರಳದ ಮರಡಿನಲ್ಲಿ ಹಿನ್ನೀರಿನ ಬದಿಯಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಮೀರಿ ಕಟ್ಟಿದ ದೊಡ್ಡ ದೊಡ್ಡ ಫ್ಲಾಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಜನವರಿಯಲ್ಲಿ ಸ್ಫೋಟಿಸಿ ಕೆಡವಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ ಅಲ್ವಾ. ಅಲ್ಲಿ ಫ್ಲಾಟ್ ಕೊಂಡವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಸಾಮಾನ್ಯ ಜನ.

ಮೊದಲ ಪ್ರಶ್ನೆ: ನಿಮ್ಮ ಜಾಗ ಎಲ್ಲಿ ಮುಗಿಯುತ್ತದೆ? ಹೊಳೆಯ ನೀರು, ಹೊಳೆಯ ತಳ ಯಾರ ಸ್ವಂತದ್ದೂ ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ನದಿ, ತೋಡುಗಳ ತಳ, ಕಡಲಿನ ತಳ ಎಲ್ಲ ಸರ್ಕಾರದ್ದು. ಆದ್ದರಿಂದ ನಿಮ್ಮ ದಂಡೆಯ ಮೇಲೆ ನೀವು ನಿಂತಿರಬಹುದು, ಧಕ್ಕೆಯ ಕಂಬ ಊರುವುದು ಮಾತ್ರ ಸರ್ಕಾರದ ಜಾಗದಲ್ಲಿ. ಈ ಮಾತು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಪಹಣಿ ಮತ್ತು ಎಫ್‌ಎಂಬಿ ನಕ್ಷೆ (ಸರ್ವೆ ಇಲಾಖೆಯ ಅಳತೆ ಪುಸ್ತಕದ ನಕ್ಷೆ) ತೆಗೆಸಿ, ಸರ್ವೆಯವರಿಂದ ಅಳತೆ ಮಾಡಿಸಿ. ನಮ್ಮ ಪಹಣಿಯಲ್ಲಿ 40 ಸೆಂಟ್ಸ್ ಇತ್ತು, ಅಳೆದಾಗ ನೆಲದ ಮೇಲೆ ಸಿಕ್ಕಿದ್ದು 33. ಉಳಿದ ಏಳು ಸೆಂಟ್ಸ್ ಅಜ್ಜನ ಕಾಲದಿಂದ ಈಚೆಗೆ ಹೊಳೆ ತಿಂದಿತ್ತು. ಹೀಗಾದಾಗ ಎಲ್ಲರಿಗೂ ಮನಸ್ಸಿಗೆ ಬರುವುದು, ಹೋದ ಜಾಗಕ್ಕೆ ಮಣ್ಣು ತುಂಬಿಸಿ ವಾಪಸ್ ಪಡೆಯೋಣ ಅಂತ. ದಯವಿಟ್ಟು ಅರ್ಜಿಯಲ್ಲಿ ಹಾಗೆ ಬರೆಯಬೇಡಿ, ಮಾಡಲೂಬೇಡಿ. ನೀರಿನ ಜಾಗಕ್ಕೆ ಮಣ್ಣು ತುಂಬಿ ನೆಲ ಮಾಡುವುದು ಸಿಆರ್‌ಝಡ್‌ನಲ್ಲಿ ನಿಷೇಧ. ಕೊರೆತ ತಡೆಯುವ ಕೆಲಸಕ್ಕೆ, ಧಕ್ಕೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ ಇದೆ. ಅಂದರೆ ಈಗ ಇರುವ ದಂಡೆ ಉಳಿಸುತ್ತೇನೆ ಅಂದರೆ ಕೇಳುತ್ತಾರೆ, ಹಳೆ ದಂಡೆ ವಾಪಸ್ ತರುತ್ತೇನೆ ಅಂದರೆ ಅಲ್ಲೇ ನಿಲ್ಲುತ್ತದೆ.

ಎರಡನೆಯದು ಗೆರೆ. ಇಡೀ ವಿಷಯ ನಿಂತಿರುವುದು ಇದರ ಮೇಲೆ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಸಿಆರ್‌ಝಡ್ ಅಂದರೆ ಕಡಲ ಬದಿಯವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಉಬ್ಬರದ ಉಪ್ಪುನೀರು ಹೊಳೆಯಲ್ಲಿ ಎಷ್ಟು ಮೇಲೆ ಬರುತ್ತದೋ ಅಲ್ಲಿಯ ತನಕ ಸಿಆರ್‌ಝಡ್ ಇದೆ. ಅದಕ್ಕೂ ಒಂದು ಅಳತೆ ಇದೆ: ವರ್ಷದಲ್ಲಿ ನೀರು ತೀರಾ ಕಡಿಮೆ ಇರುವ ದಿನಗಳಲ್ಲಿ ಒಂದು ಸಾವಿರ ಭಾಗ ನೀರಿಗೆ ಐದು ಭಾಗ ಉಪ್ಪು ಸಿಗುವಲ್ಲಿಯ ವರೆಗೆ. ನಮ್ಮಲ್ಲಿ ಅದು ಏಪ್ರಿಲ್, ಮೇ ತಿಂಗಳ ಲೆಕ್ಕ. ಮಳೆಗಾಲದಲ್ಲಿ ಹೊಳೆ ನೀರು ಸಿಹಿಯಾಗಿದೆ, ನಮಗೆ ಇದು ಅನ್ವಯಿಸುವುದಿಲ್ಲ ಅಂತ ವಾದ ಮಾಡಿ ಪ್ರಯೋಜನವಿಲ್ಲ.

ದೊಡ್ಡ ಉಬ್ಬರದಲ್ಲಿ ನೀರು ಏರುವ ಮಟ್ಟವನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಅದೇ ಉಬ್ಬರ ರೇಖೆ. ಆಫೀಸಿನಲ್ಲಿ ಎಲ್ಲರೂ ಎಚ್‌ಟಿಎಲ್ ಅನ್ನುತ್ತಾರೆ. 2019ರ ಜನವರಿಯ ಅಧಿಸೂಚನೆ ಪ್ರಕಾರ ಹೊಳೆ ಬದಿಯಲ್ಲಿ ಈ ಗೆರೆಯಿಂದ ಒಳಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಸಿಆರ್‌ಝಡ್‌ಗೆ ಬರುತ್ತದೆ. 2011ರ ಅಧಿಸೂಚನೆಯಲ್ಲಿ ಇದು 100 ಮೀಟರ್ ಇತ್ತು, ಹಾಗಾಗಿ ಹಳೆಯ ಕಾಗದ ಹಿಡಿದು ಮಾತಾಡುವವರ ಮಾತಿಗೆ ಗಾಬರಿಯಾಗಬೇಡಿ. ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ ಇರುವವರಿಗೆ ಲೆಕ್ಕ ಬೇರೆ, ಅಲ್ಲಿ ಉಬ್ಬರ ರೇಖೆಯಿಂದ 20 ಮೀಟರ್. ಇವೆಲ್ಲ ನೆಲದ ಮಾತು. ಉಬ್ಬರ ಇಳಿತದ ನಡುವಿನ ಕೆಸರು ಜಾಗ ಸಿಆರ್‌ಝಡ್ 1ಬಿ ಅನ್ನುವ ವರ್ಗ, ಅದರಾಚೆ ಸದಾ ನೀರಿರುವ ಜಾಗ ಸಿಆರ್‌ಝಡ್ 4ಬಿ. ಧಕ್ಕೆ ಅಂದಮೇಲೆ ನೀರಿಗೆ ಇಳಿಯಲೇಬೇಕಲ್ವಾ, ಹಾಗಾಗಿ ನಿಮ್ಮ ಕೆಲಸ ಈ ಎರಡಕ್ಕೂ ತಾಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಗದ್ದೆಗೆ ಉಪ್ಪುನೀರು ಬಾರದ ಹಾಗೆ ಹಿಂದೆ ಕಟ್ಟಿದ ಖಾರ್‌ಲ್ಯಾಂಡ್ ಒಡ್ಡು, ಕಿಂಡಿ ಬಾಗಿಲು ನಿಮ್ಮಲ್ಲಿದ್ದು, ಅದು 1991ರ ಫೆಬ್ರವರಿ 19ಕ್ಕಿಂತ ಮೊದಲೇ ಇತ್ತು ಅಂತ ತೋರಿಸಲು ಆದರೆ, ಉಬ್ಬರ ರೇಖೆ ಆ ಒಡ್ಡಿನಲ್ಲೇ ನಿಲ್ಲುತ್ತದೆ. ಒಳಗಿನ ಗದ್ದೆಗೆ ನುಗ್ಗುವುದಿಲ್ಲ. ಹಳೆಯ ಕಂದಾಯ ದಾಖಲೆ, ಪಂಚಾಯತ್ ಕಾಗದ ಏನಿದ್ದರೂ ಹುಡುಕಿ ಇಟ್ಟುಕೊಳ್ಳಿ. ಒಡ್ಡಿನ ಒಳಗೆ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೆಳೆದಿದ್ದರೆ ಮಾತ್ರ ಆ ಜಾಗಕ್ಕೆ ಕಟ್ಟುನಿಟ್ಟು ಜಾಸ್ತಿ.

ಕಾಂಡ್ಲಾ ವಿಷಯ ಬಂತು, ಇಲ್ಲೇ ಹೇಳಿಬಿಡುತ್ತೇನೆ. ಧಕ್ಕೆಗೆ ದಾರಿ ಮಾಡಲು ಕಾಂಡ್ಲಾ ಕಡಿಯಬೇಡಿ. ಒಂದು ಕಡೆ 1000 ಚದರ ಮೀಟರಿಗಿಂತ ಜಾಸ್ತಿ ಕಾಂಡ್ಲಾ ಇದ್ದರೆ ಅದರ ಸುತ್ತ 50 ಮೀಟರ್ ಜಾಗವನ್ನೂ ಸೇರಿಸಿ ಸಿಆರ್‌ಝಡ್ 1ಎ, ಅಂದರೆ ಅತಿ ಕಟ್ಟುನಿಟ್ಟಿನ ವರ್ಗ ಅಂತ ಮಾಡುತ್ತಾರೆ, ಅಲ್ಲಿ ಖಾಸಗಿ ಧಕ್ಕೆಯ ಆಸೆ ಬಿಡುವುದೇ ಒಳ್ಳೆಯದು. ನಾನು ಇದನ್ನು ಕಾನೂನಿಗೆ ಹೆದರಿ ಮಾತ್ರ ಹೇಳುತ್ತಿಲ್ಲ. ನಮ್ಮ ದಂಡೆ ಕುಸಿದದ್ದೇ ಹಿಂದೆ ಯಾರೋ ಅಲ್ಲಿಯ ಕಾಂಡ್ಲಾ ತೆಗೆದ ಜಾಗದಲ್ಲಿ, ಪಕ್ಕದಲ್ಲಿ ಗಿಡ ಉಳಿದ ಕಡೆ ಒಂದು ಬುಟ್ಟಿ ಮಣ್ಣೂ ಹೋಗಿಲ್ಲ.

ಈಗ ನಮ್ಮ ಒಂದು ವರ್ಷ ಹಾಳಾದ ಕಥೆ. ಅರ್ಜಿಯ ಜೊತೆ 1:4000 ಅಳತೆಯ ಸಿಆರ್‌ಝಡ್ ನಕ್ಷೆ ಬೇಕು, ಅದರ ಮೇಲೆ ಉಬ್ಬರ ರೇಖೆ, ಇಳಿತದ ರೇಖೆ, ನಿಮ್ಮ ಸರ್ವೆ ನಂಬರು, ಕಟ್ಟುವ ಕೆಲಸ ಎಲ್ಲ ಕಾಣಬೇಕು. ನಾವು ಊರಿನ ಒಬ್ಬ ಖಾಸಗಿ ಸರ್ವೆಯವರಿಂದ ಮಾಡಿಸಿದೆವು. ಅಂದವಾದ ನಕ್ಷೆ, ಬಣ್ಣ ಬಣ್ಣದ ಗೆರೆ. ಫೈಲು ನೋಡಿದ ಕೂಡಲೇ ಆಫೀಸಿನವರು ಕೇಳಿದರು, "ಈ ಲೈನು ಯಾರು ಹಾಕಿದ್ದು ಮಾರಾಯ್ರೇ?" ಉಬ್ಬರ ರೇಖೆ ಗುರುತಿಸುವ ಅಧಿಕಾರ ಕೇಂದ್ರ ಸರ್ಕಾರ ಒಪ್ಪಿದ ಕೆಲವೇ ಸಂಸ್ಥೆಗಳಿಗೆ ಇದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ದೂರಸಂವೇದಿ ಸಂಸ್ಥೆ, ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ ಆ ಪಟ್ಟಿಯಲ್ಲಿವೆ. ಅವರಿಗೆ ಬರೆದು, ಅವರ ಜನ ಬಂದು, ನಕ್ಷೆ ಕೈಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಮೊದಲು ಕೊಟ್ಟ ದುಡ್ಡೂ ಹೋಯಿತು. ಆದ್ದರಿಂದ ನಕ್ಷೆಗೆ ಮುಂಗಡ ಕೊಡುವ ಮೊದಲು "ನೀವು ಆ ಪಟ್ಟಿಯಲ್ಲಿ ಇದ್ದೀರಾ?" ಅಂತ ನೇರವಾಗಿ ಕೇಳಿ, ಉತ್ತರ ಕಾಗದದಲ್ಲಿ ತೆಗೆದುಕೊಳ್ಳಿ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಇದೆ. ಸರ್ವೆ ನಂಬರು ಹಿಡಿದು ಪ್ರಾದೇಶಿಕ ಪರಿಸರ ನಿರ್ದೇಶಕರ ಕಚೇರಿಗೆ ಹೋಗಿ. ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ, ಸಿಆರ್‌ಝಡ್ ಆಫೀಸು ಅಂದರೆ ಯಾರಾದರೂ ತೋರಿಸುತ್ತಾರೆ. ರಾಜ್ಯದ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಿ. ಅರ್ಜಿ ಹಾಕುವುದೇ ಬೇಡ ಅನ್ನುವ ಜಾಗ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಅರ್ಜಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಾಕಬೇಕು. ಕೆಲಸದ ವಿವರ, ನಕ್ಷೆ, ಜಾಗದ ದಾಖಲೆ, ಪರಿಸರದ ಮೇಲೆ ಏನು ಪರಿಣಾಮ ಅನ್ನುವ ವರದಿ ಇರಬೇಕು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ನೋಡುತ್ತದೆ, ಅದರಲ್ಲಿ ಮೀನುಗಾರರ ಪ್ರತಿನಿಧಿಗಳೂ ಇರುತ್ತಾರೆ. ಅಲ್ಲಿಂದ ಬೆಂಗಳೂರಿನ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ. ಎಲ್ಲ ಕಾಗದ ಸರಿ ಇರುವ ಅರ್ಜಿ ಕೈಗೆ ಬಂದ ದಿನದಿಂದ 60 ದಿನದಲ್ಲಿ ಪ್ರಾಧಿಕಾರ ಶಿಫಾರಸು ಕೊಡಬೇಕು ಅಂತ ಅಧಿಸೂಚನೆಯಲ್ಲೇ ಇದೆ. ಎಲ್ಲ ಕಾಗದ ಸರಿ ಇರುವ ಅನ್ನುವ ಮಾತಿಗೆ ಗೆರೆ ಎಳೆದು ಓದಿ, ಒಂದು ಕಾಗದ ಕಡಿಮೆ ಇದ್ದರೂ ಆ 60 ದಿನ ಶುರುವೇ ಆಗುವುದಿಲ್ಲ. ನೀರಿನೊಳಗಿನ ಕೆಲಸ ಗಾತ್ರ ಮತ್ತು ಬಗೆ ನೋಡಿ ದೆಹಲಿಯ ಪರಿಸರ ಸಚಿವಾಲಯದ ತನಕವೂ ಹೋಗಬಹುದು, ಅಷ್ಟು ಸಮಯ ಕೈಯಲ್ಲಿ ಇಟ್ಟುಕೊಳ್ಳಿ.

ಸಿಆರ್‌ಝಡ್ ಅನುಮತಿ ಒಂದೇ ಸಾಲದು. ಧಕ್ಕೆಗೆ ಬಂದರು ಇಲಾಖೆಯ ಒಪ್ಪಿಗೆ ಬೇಕು, ಮಂಗಳೂರಿನವರು ಹಳೆ ಬಂದರಿನ ಕಚೇರಿಯಲ್ಲಿ, ನಮ್ಮ ಕಡೆಯವರು ಮಲ್ಪೆಯಲ್ಲಿ ಕೇಳಬೇಕು. ಸರ್ಕಾರದ ಜಾಗ ಬಳಸುವುದಕ್ಕೆ ತಹಶೀಲ್ದಾರರ ಮೂಲಕ ಕಂದಾಯ ಇಲಾಖೆ. ಪಂಚಾಯತ್ ನಿರಾಕ್ಷೇಪಣಾ ಪತ್ರ. ಹೊಳೆಯಿಂದ ಹೊಯ್ಗೆ ತೆಗೆಯುವುದು ಬೇರೆಯೇ ವಿಷಯ, ಧಕ್ಕೆಯ ಅನುಮತಿ ಇದೆ ಅಂತ ತಳ ಅಗೆದು ಹೊಯ್ಗೆ ಮೇಲೆ ಹಾಕಿದರೆ ಅದು ಅಕ್ರಮ ಮರಳುಗಾರಿಕೆ ಆಗುತ್ತದೆ.

ಏನು ಕಟ್ಟಬೇಕು ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ ಇದೆ. ಕಂಬದ ಮೇಲೆ ಹಲಗೆ ಹಾಕಿದ ಧಕ್ಕೆ ಕೇಳಿ, ಕಲ್ಲು ಮಣ್ಣು ತುಂಬಿದ ಧಕ್ಕೆ ಕೇಳಬೇಡಿ. ಕಂಬದ ನಡುವೆ ನೀರು ಹರಿಯುತ್ತದೆ, ಹೂಳು ಕೂರುವುದು ಕಡಿಮೆ, ಫೈಲು ನೋಡುವವರಿಗೂ ಒಪ್ಪಲು ಸುಲಭ. ನಮ್ಮಲ್ಲಿ ಉಬ್ಬರ ಇಳಿತದ ನಡುವೆ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಇರುತ್ತದೆ, ಹಲಗೆಯ ಎತ್ತರ ಅದಕ್ಕೆ ಸರಿಯಾಗಿ ನೋಡಿ, ಅದರ ಮೇಲೆ ಮಳೆಗಾಲದ ನೆರೆಯನ್ನೂ ಸೇರಿಸಿ. ತೇಲುವ ಧಕ್ಕೆ ಒಳಗಿನ ಹೊಳೆಗೆ ಒಳ್ಳೆಯದೇ, ಆದರೆ ಅಳಿವೆ ಹತ್ತಿರ ಬೇಡ. 2022ರ ಮೇ ತಿಂಗಳಲ್ಲಿ ಮಲ್ಪೆ ಬೀಚಿನಲ್ಲಿ ಹಾಕಿದ ತೇಲು ಸೇತುವೆ ಕೆಲವೇ ದಿನಗಳಲ್ಲಿ ಅಲೆಗೆ ಸಿಕ್ಕಿ ಹಾಳಾದದ್ದು ನೆನಪಿರಬಹುದು.

ತಡೆಗೋಡೆಯಲ್ಲಿ ಇನ್ನೂ ಎಚ್ಚರ ಬೇಕು. ನೆಟ್ಟಗೆ ನಿಂತ ಗೋಡೆಗೆ ಬಡಿದ ನೀರು ಸುಮ್ಮನಾಗುವುದಿಲ್ಲ, ಗೋಡೆಯ ಬುಡ ಕೊರೆಯುತ್ತದೆ, ಇಲ್ಲ ಗೋಡೆ ಮುಗಿಯುವ ಕಡೆ ಪಕ್ಕದವರ ದಂಡೆ ಹಿಡಿಯುತ್ತದೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ವರ್ಷ ವರ್ಷ ಕಲ್ಲು ಹಾಕಿದ್ದನ್ನು, ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲಿನೊಳಗೇ ತಡೆದಂಡೆ ಕಟ್ಟಿದ್ದನ್ನು ನೋಡಿದವರಿಗೆ ಇದು ಗೊತ್ತು. ಹಾಗಾಗಿ ಇಳಿಜಾರಾಗಿ ಶಿಲೆಕಲ್ಲು ಹಾಸಿ, ಮೇಲಿನ ಅಂಚಿಗೆ ಕೇದಗೆ, ಕೆಳಗೆ ಕಾಂಡ್ಲಾ ನೆಡುವ ಹಾಗೆ ನಕ್ಷೆ ಮಾಡಿಸಿ. ಸುರತ್ಕಲ್ ಎನ್‌ಐಟಿಕೆಯಲ್ಲಿ ಜಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವೇ ಇದೆ, ಈ ವಿಷಯ ಬಲ್ಲ ಎಂಜಿನಿಯರ್ ಸಹಿ ಇರುವ ನಕ್ಷೆಗೂ ಮೇಸ್ತ್ರಿಯ ಚೀಟಿಗೂ ತುಂಬಾ ವ್ಯತ್ಯಾಸ. ಕಡಲ ಬದಿಯಲ್ಲೇ ಮನೆ ಇದ್ದರೆ ಸ್ವಂತ ಗೋಡೆ ಕಟ್ಟಲು ಹೋಗಬೇಡಿ, ಪಂಚಾಯತ್ ಮೂಲಕ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಿ.

ಅರ್ಜಿ ಹಾಕುವ ಮೊದಲೇ ನೆರೆಮನೆಯವರ ಹತ್ತಿರ, ಅಲ್ಲಿ ಬಲೆ ಹಾಕುವವರ ಹತ್ತಿರ, ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರ ಹತ್ತಿರ ಹೋಗಿ ಮಾತಾಡಿ. ನಮ್ಮ ಮೊದಲ ನಕ್ಷೆಯಲ್ಲಿ ಧಕ್ಕೆ ಹತ್ತು ಮೀಟರ್ ಪಡುವಣಕ್ಕಿತ್ತು. ಹಿರಿಯರೊಬ್ಬರು ನೋಡಿ ಹೇಳಿದರು, "ಕಟ್ಟಿ ಮಾರಾಯ್ರೇ, ಬೇಡ ಅನ್ನುವುದಿಲ್ಲ. ಆದ್ರೆ ನಾವು ದೋಣಿ ಎಳೆದು ಹಾಕುವ ಜಾಗ ಅದೇ." ಕಾಗದದಲ್ಲಿ ಆ ಜಾಗಕ್ಕೆ ಹೆಸರೇ ಇಲ್ಲ, ಅವರಿಗೆ ಮಾತ್ರ ಅದು ಅನ್ನದ ದಾರಿ. ಧಕ್ಕೆಯನ್ನು ಮೂಡಣಕ್ಕೆ ಸರಿಸಿದೆವು, ಕೊನೆಗೆ ಸ್ಥಳ ಪರಿಶೀಲನೆಗೆ ಬಂದವರ ಮುಂದೆ ಅವರೇ ಬಂದು ನಮ್ಮ ಪರ ನಿಂತರು. ಎರಡು ಮೂರು ಮನೆಯವರು ಸೇರಿ ಒಂದೇ ಧಕ್ಕೆ ಕೇಳಿದರೆ ಇನ್ನೂ ಒಳ್ಳೆಯದು.

ಸಮಯ ಹೀಗೆ ಇಟ್ಟುಕೊಳ್ಳಿ. ಹೊಳೆಯೊಳಗಿನ ಕೆಲಸಕ್ಕೆ ಡಿಸೆಂಬರಿನಿಂದ ಮೇ ನಡುವಿನ ತನಕ ಮಾತ್ರ ಅವಕಾಶ. ಈ ಬೇಸಿಗೆಯಲ್ಲಿ ನಕ್ಷೆ, ಮಳೆಗಾಲದಲ್ಲಿ ಅರ್ಜಿ ಮತ್ತು ಓಡಾಟ, ಮುಂದಿನ ಬೇಸಿಗೆಯಲ್ಲಿ ಕೆಲಸ. ನಡುವೆ ದಂಡೆ ಜೋರಾಗಿ ಕುಸಿದರೆ ಫೋಟೊ ಸಮೇತ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ರಾತ್ರೋರಾತ್ರಿ ಕಲ್ಲು ಸುರಿಯಬೇಡಿ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಈಗ ದಂಡ 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ಇದೆ, ತೆರವು ಮಾಡುವ ಖರ್ಚು ಬೇರೆ, ಚೆನ್ನೈನ ಹಸಿರು ನ್ಯಾಯಮಂಡಳಿಗೆ ಅಲೆಯುವುದು ಬೇರೆ.

ಅನುಮತಿ ಪತ್ರ ಬಂದಾಗ ಸಂತೋಷದಲ್ಲಿ ಮೊದಲ ಪುಟ ಮಾತ್ರ ಓದಿ ಇಡಬೇಡಿ, ಹಿಂದಿನ ಪುಟಗಳಲ್ಲಿ ಷರತ್ತುಗಳಿರುತ್ತವೆ. ಅವನ್ನು ಪಾಲಿಸಿದ್ದರ ವರದಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕು. ಕೆಲಸ ಶುರು ಮಾಡುವ ಹಿಂದಿನ ದಿನ, ದೊಡ್ಡ ಉಬ್ಬರದ ಹೊತ್ತಿಗೆ ಒಮ್ಮೆ, ಇಳಿತಕ್ಕೆ ಒಮ್ಮೆ, ನಿಮ್ಮ ದಂಡೆಯ ಮತ್ತು ಎರಡೂ ಪಕ್ಕದವರ ದಂಡೆಯ ಫೋಟೊ ತೆಗೆದಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಪಕ್ಕದವರ ದಂಡೆ ಒಂದಡಿ ಹಿಂದೆ ಹೋಗಿದ್ದರೂ ಎಂಜಿನಿಯರನ್ನು ಕರೆಸಿ ತೋರಿಸಿ.