ಮೊದಲ ಪಿಕ್‌ಗೆ ಎಷ್ಟು ಬೆಲೆ ಕಟ್ಟಬೇಕು? ಆಸ್ಟ್ರೇಲಿಯನ್ ಫುಟ್‌ಬಾಲ್ ಡ್ರಾಫ್ಟಿಗೆ ನಮ್ಮ ಖೇಣಿ ಲೆಕ್ಕ

ದಾವಣಗೆರೆಯಲ್ಲಿ ಕೂತು ಆಸ್ಟ್ರೇಲಿಯಾದ ಫುಟ್‌ಬಾಲ್ ನೋಡುವವರು ಎಂಟು ಜನ ಇದ್ದೇವೆ ಅಂದರೆ ಯಾರೂ ನಂಬುವುದಿಲ್ಲ. ಇದ್ದೇವೆ. ಮೆಲ್ಬರ್ನ್‌ಗೆ ಕೆಲಸಕ್ಕೆ ಹೋದ ನಮ್ಮ ಗೆಳೆಯನೊಬ್ಬ ಹಚ್ಚಿದ ಹುಚ್ಚು ಇದು. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಶನಿವಾರ ಅಲ್ಲಿ ಮಧ್ಯಾಹ್ನ 2.30ಕ್ಕೆ ಗ್ರ್ಯಾಂಡ್ ಫೈನಲ್, ನಮಗೆ ಬೆಳಗ್ಗೆ 10 ಗಂಟೆ, ಬೆಣ್ಣೆ ದೋಸೆ ಪಾರ್ಸೆಲ್ ತಂದು ಕೂತರೆ ಊಟದ ಹೊತ್ತಿಗೆ ಆಟ ಮುಗಿದಿರುತ್ತದೆ.

ನಮ್ಮೊಳಗೆ ಒಂದು ಫ್ಯಾಂಟಸಿ ಲೀಗೂ ಇದೆ. ಪ್ರತಿ ವರ್ಷ ಚೀಟಿ ಎತ್ತುತ್ತೇವೆ, 1ನೇ ಚೀಟಿ ಬಂದವನು ಮೊದಲು ಆಟಗಾರನನ್ನು ಆರಿಸಬೇಕು. ಒಂದು ಸಲ ಅದು ನನಗೇ ಬಂತು. ಖುಷಿಗೆ ತಲೆ ಕೆಟ್ಟು, ಅದೇ ವರ್ಷ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಬಂದಿದ್ದ 18 ವರ್ಷದ ಎತ್ತರದ ಹುಡುಗನೊಬ್ಬನನ್ನು ತಗೊಂಡೆ. ಉಳಿದವರು ಸುಮ್ನೆ ಹಳೆಯ ಮಿಡ್‌ಫೀಲ್ಡರ್‌ಗಳನ್ನು ಎತ್ತಿಕೊಂಡರು. ಸೀಸನ್ ಮುಗಿದಾಗ ನಾನು ಎಂಟನೆಯವನು, ಎಂಟೂ ಜನರ ಮಂಡಕ್ಕಿ-ಮೆಣಸಿನಕಾಯಿ ಬಿಲ್ ನನ್ನದು. ಹುಡುಗನದೇನೂ ತಪ್ಪಿಲ್ಲ. ನನಗೆ ಬೆಲೆ ಕಟ್ಟಲು ಬರಲಿಲ್ಲ, ಅಷ್ಟೇ.

ಬೆಲೆ ಕಟ್ಟುವುದನ್ನು ಆಮೇಲೆ ಕಲಿತೆ, ಅದೂ ಚನ್ನಗಿರಿ ಕಡೆ ಅಡಿಕೆ ಖೇಣಿ ಹಿಡಿಯುವ ನಮ್ಮ ಸೋದರಮಾವನಿಂದ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಫಸಲು ಇನ್ನೂ ಮರದ ಮೇಲೆ ಹಸಿರಾಗಿರುವಾಗಲೇ ತೋಟ ನೋಡಿ, ಮಾತಾಡಿ, ಮುಂಗಡ ಕೊಟ್ಟು ಹಿಡಿಯುವುದು ಖೇಣಿ. ಕೊಯ್ದು ಸುಲಿದು ಬೇಯಿಸಿ ಒಣಗಿಸಿದ ಮೇಲೆ ಎಷ್ಟು ಬರುತ್ತದೆ ಅನ್ನುವುದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. 18 ವರ್ಷದ ಹುಡುಗನನ್ನು ಆರಿಸುವುದೂ ಹೀಗೇ ಅಲ್ವಾ?

ಮೊದಲು ಆಟದ ಕಟ್ಟಳೆ ತಿಳಿದುಕೊಳ್ಳಿ. ಐಪಿಎಲ್ ತರ ಹರಾಜು ಇಲ್ಲಿಲ್ಲ, ದುಡ್ಡು ಕೂಗುವುದಿಲ್ಲ. ಎಎಫ್‌ಎಲ್‌ನಲ್ಲಿ, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗ್‌ನಲ್ಲಿ, ಈಗ 18 ಕ್ಲಬ್‌ಗಳಿವೆ. ಕೊನೆಯ ಸ್ಥಾನದಲ್ಲಿದ್ದವರಿಗೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯ ಸರದಿ. ಈ ಸರದಿಯನ್ನೇ ಪಿಕ್ ಅನ್ನುತ್ತಾರೆ. 1986ರಲ್ಲಿ ಶುರುವಾದ ಪದ್ಧತಿ. ಅಕ್ಟೋಬರ್‌ನಲ್ಲಿ ಕ್ಲಬ್‌ಗಳು ಆಟಗಾರರನ್ನೂ ಪಿಕ್‌ಗಳನ್ನೂ ಅದಲು ಬದಲು ಮಾಡಿಕೊಳ್ಳುತ್ತವೆ, ನವೆಂಬರ್‌ನಲ್ಲಿ ಡ್ರಾಫ್ಟ್. ಅಂದರೆ ಪಿಕ್ ಅನ್ನುವುದು ಹುಡುಗ ಅಲ್ಲ, ಸರದಿ ಚೀಟಿ. ಚೀಟಿಗೊಂದು ಬೆಲೆ, ಹುಡುಗನಿಗೊಂದು ಬೆಲೆ. ಇವೆರಡನ್ನು ಕಲಸಬೇಡಿ.

ಚೀಟಿಯ ಬೆಲೆಗೆ ಲೀಗ್‌ನವರೇ ಮಾಡಿದ ಒಂದು ಪಟ್ಟಿ ಇದೆ. 2015ರಲ್ಲಿ ಬಂತು, ಹಿಂದಿನ ವರ್ಷಗಳ ಆಟಗಾರರಿಗೆ ಸಿಕ್ಕ ಸಂಬಳ ನೋಡಿ ಮಾಡಿದ್ದು. 2015ರ ಆ ಪಟ್ಟಿ ಪ್ರಕಾರ 1ನೇ ಪಿಕ್‌ಗೆ 3000 ಪಾಯಿಂಟ್, 2ನೆಯದಕ್ಕೆ 2517, 3ಕ್ಕೆ 2234, 4ಕ್ಕೆ 2034, 5ಕ್ಕೆ 1878. ಆಮೇಲೆ ಇಳಿಜಾರು ನಿಧಾನವಾಗುತ್ತದೆ. 9ಕ್ಕೆ 1469, 10ಕ್ಕೆ 1395. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕಳೆಯಿರಿ. 1ರಿಂದ 2ಕ್ಕೆ ಬಂದರೆ 483 ಪಾಯಿಂಟ್ ಹೋಯಿತು. 9ರಿಂದ 10ಕ್ಕೆ ಬಂದರೆ ಹೋಗುವುದು ಬರೀ 74. ಹೆಸರಿಗೆ ಎರಡೂ ಒಂದೊಂದೇ ಮೆಟ್ಟಿಲು, ಆದರೆ ಮೊದಲ ಮೆಟ್ಟಿಲು ಚಿತ್ರದುರ್ಗದ ಕೋಟೆಯದು, ಎರಡನೆಯದು ನಮ್ಮ ಮನೆ ಹೊಸ್ತಿಲು. ಇನ್ನೊಂದು ಲೆಕ್ಕ: 18ನೇ ಪಿಕ್‌ಗೆ 985. ಅಂಥ ಮೂರು ಸೇರಿಸಿದರೂ 2955, ಒಂದು 1ನೇ ಪಿಕ್‌ಗೆ ಸಮ ಆಗುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಈ ಪಟ್ಟಿ ಇರುವುದು ಕ್ಲಬ್‌ಗಳು ಟ್ರೇಡ್ ಮಾಡಲಿ ಅಂತ ಅಲ್ಲ. ಕ್ಲಬ್‌ಗೆ 100 ಮ್ಯಾಚ್ ಆಡಿದ ಆಟಗಾರನ ಮಗನ ಮೇಲೆ ಆ ಕ್ಲಬ್‌ಗೆ ಹಕ್ಕಿರುತ್ತದೆ, ಕೆಲವು ಕ್ಲಬ್‌ಗಳಿಗೆ ತಮ್ಮ ಅಕಾಡೆಮಿ ಹುಡುಗರ ಮೇಲೂ ಇರುತ್ತದೆ. ಬೇರೆಯವರು ಅಂಥ ಹುಡುಗನ ಹೆಸರು ಕೂಗಿದರೆ, ಅಷ್ಟು ಪಾಯಿಂಟ್‌ನ ಪಿಕ್‌ಗಳನ್ನು ಕೊಟ್ಟು ಬಿಡಿಸಿಕೊಳ್ಳಬಹುದು. ಅದಕ್ಕೆ ಮಾಡಿದ ಪಟ್ಟಿ. ಸಣ್ಣ ಪುಟ್ಟ ಪಿಕ್‌ಗಳನ್ನು ಗುಡ್ಡೆ ಹಾಕಿ ದೊಡ್ಡ ಆಟಗಾರನನ್ನು ತಗೊಳ್ಳುವುದು ಜಾಸ್ತಿ ಆಯಿತು ಅಂತ 2025ಕ್ಕೆ ಪಟ್ಟಿ ತಿದ್ದಿ, ಹೀಗೆ ಬಿಡಿಸಿಕೊಳ್ಳುವ ಕ್ಲಬ್‌ಗೆ ಪಾಯಿಂಟ್‌ನಲ್ಲಿ ಕೊಡುತ್ತಿದ್ದ ರಿಯಾಯಿತಿಯನ್ನೂ ಶೇ. 20ರಿಂದ 10ಕ್ಕೆ ಇಳಿಸಿದರು. ಹಾಗಾಗಿ ಹಳೆಯ ಅಂಕಿಗಳನ್ನು ಇಳಿಜಾರು ಹೇಗಿದೆ ಅಂತ ತಿಳಿಯಲು ಬಳಸಿ, ಕಣ್ಣು ಮುಚ್ಚಿ ಗುಣಿಸಬೇಡಿ.

ಈಗ ಜನ ಜಾಸ್ತಿ ಎಡವುವ ಜಾಗಕ್ಕೆ ಬರೋಣ.

ಮಾವನ ಜೊತೆ ಒಮ್ಮೆ ತೋಟ ನೋಡಲು ಹೋಗಿದ್ದೆ. ಮೊದಲ ಸಾಲಿನಲ್ಲೇ ಒಂದು ಮರ, ನಾಲ್ಕು ದಪ್ಪ ದಪ್ಪ ಗೊನೆ. ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ. ಮಾವ ಮೇಲೆ ನೋಡಲೇ ಇಲ್ಲ. ನಡುವಿನ ಸಾಲಿಗೆ ಹೋಗಿ ನೆಲ ನೋಡುತ್ತಾ ನಿಂತರು. ಕಾಲಿನಿಂದ ತರಗು ಸರಿಸಿ, ಉದುರಿದ ಹರಳುಗಳನ್ನು ಕೈಯಲ್ಲಿ ಹಿಡಿದು ಎಣಿಸಿದರು. ಐದಾರು ಕಡೆ ಹೀಗೇ ಮಾಡಿದರು. ಆಮೇಲೆ ಬೋರ್‌ವೆಲ್‌ನಲ್ಲಿ ಬೇಸಿಗೆಗೆ ನೀರು ಎಷ್ಟು ಬಂತು ಅಂತ ತೋಟದವರನ್ನು ಕೇಳಿದರು. ವಾಪಸ್ ಬರುವಾಗ ಬೈಕ್ ಮೇಲೆ ಹೇಳಿದ್ದು: “ಲೇ, ಒಂದು ಮರ ನೋಡಿ ತೋಟದ ರೇಟ್ ಕಟ್ಟಬ್ಯಾಡ. ಮ್ಯಾಲೆ ಇರೋದು ಎಲ್ಲರಿಗೂ ಕಾಣ್ತದೆ, ಉದುರಿದ್ದು ಎಷ್ಟು ಅಂತ ನೋಡು.”

ಡ್ರಾಫ್ಟ್ ಬಗ್ಗೆ ಮಾತಾಡುವವರೆಲ್ಲ ಒಂದು ಮರ ನೋಡುವವರೇ. “ಡೇನ್ ಸ್ವಾನ್ 58ನೇ ಪಿಕ್, ಬ್ರೌನ್‌ಲೋ ಪದಕ ಗೆದ್ದ. ಲಾಕಿ ನೀಲ್ ಕೂಡ 58, ಎರಡು ಸಲ ಗೆದ್ದ. ಜೇಮ್ಸ್ ಹರ್ಡ್ 79. ಹಾಗಾದರೆ ಮೊದಲ ಪಿಕ್‌ಗೆ ಏನು ಬೆಲೆ?” ಅನ್ನುತ್ತಾರೆ. ಬ್ರೌನ್‌ಲೋ ಅಂದರೆ ವರ್ಷದ ಅತ್ಯುತ್ತಮ ಆಟಗಾರನಿಗೆ ಅಂಪೈರ್‌ಗಳ ಮತದಿಂದ ಕೊಡುವ ಪದಕ, ಸಣ್ಣ ಮಾತಲ್ಲ. ಆದರೆ ಅದೇ 58ರಲ್ಲಿ ಬಂದು ಹೆಸರೂ ಉಳಿಯದೆ ಹೋದ ಹುಡುಗರು ಎಷ್ಟು? ಅದು ಉದುರಿದ ಹರಳು. ಎಸ್ಸೆಸ್ಸೆಲ್ಸಿ ಫೇಲಾಗಿ ಕೋಟಿ ದುಡಿದವನ ಕಥೆ ಪ್ರತಿ ಊರಲ್ಲೂ ಒಂದು ಇರುತ್ತದೆ, ಹಾಗಂತ ಯಾರೂ ಮಗನನ್ನು ಫೇಲ್ ಮಾಡಿಸುವುದಿಲ್ಲ.

ಆ ಕಡೆಯವರೂ ಇದ್ದಾರೆ, 1ನೇ ಪಿಕ್ ಅಂದರೆ ಕಪ್ ಬಂದಂತೆ ಅನ್ನುವವರು. ಅವರಿಗೆ ಕಾರ್ಲ್‌ಟನ್ ಕ್ಲಬ್ ತೋರಿಸಿ. 2005, 2006, 2007, ಸತತ ಮೂರು ವರ್ಷ 1ನೇ ಪಿಕ್ ಅವರದ್ದೇ: ಮಾರ್ಕ್ ಮರ್ಫಿ, ಬ್ರೈಸ್ ಗಿಬ್ಸ್, ಮ್ಯಾಥ್ಯೂ ಕ್ರೂಜರ್. ಮೂವರೂ ಚೆನ್ನಾಗಿಯೇ ಆಡಿದರು. ಆದರೆ ಕಾರ್ಲ್‌ಟನ್ ಕೊನೆಯ ಸಲ ಕಪ್ ಗೆದ್ದಿದ್ದು 1995ರಲ್ಲಿ. ಜಿಡಬ್ಲ್ಯುಎಸ್‌ಗೂ (ಗ್ರೇಟರ್ ವೆಸ್ಟರ್ನ್ ಸಿಡ್ನಿ ಕ್ಲಬ್) 2011ರಿಂದ 2013ರವರೆಗೆ ಸತತ ಮೂರು ಸಿಕ್ಕವು, ಕಪ್ ಇನ್ನೂ ಬಂದಿಲ್ಲ.

ಯಾಕೆ ಹೀಗೆ? ಮೈದಾನದಲ್ಲಿ 18 ಜನ ಇರುತ್ತಾರೆ, ಅದಕ್ಕೆ. ಕಬಡ್ಡಿಯಲ್ಲಿ ಏಳೇ ಜನ, ಒಬ್ಬ ಒಳ್ಳೆಯ ರೈಡರ್ ಬಂದರೆ ತಂಡದ ಹಣೆಬರಹ ಬದಲಾಗುತ್ತದೆ. 18 ಜನರ ಆಟದಲ್ಲಿ ಒಬ್ಬ ಎಷ್ಟೇ ದೊಡ್ಡವನಾದರೂ ಹದಿನೆಂಟರಲ್ಲಿ ಒಬ್ಬನೇ. ಮೊದಲ ಪಿಕ್ ನಿಮ್ಮ ಅದೃಷ್ಟದ ಬಾಗಿಲು ಸ್ವಲ್ಪ ಅಗಲ ಮಾಡುತ್ತದೆ, ಅಷ್ಟೇ. ಒಳಗೆ ಕೂರಿಸಲು ಉಳಿದ ಹದಿನೇಳು ಜನ ಬೇಕಲ್ಲ.

ಹಾಗಾಗಿ ಬೆಲೆ ಕಟ್ಟುವಾಗ ನಾನು ಮೊದಲು ಕೇಳುವುದು, ಆ ವರ್ಷದ ಫಸಲು ಹೇಗಿದೆ ಅಂತ. ಪಟ್ಟಿಗೆ ಎಲ್ಲಾ ವರ್ಷವೂ ಒಂದೇ, ಆದರೆ ಮಳೆ ಎಲ್ಲಾ ವರ್ಷ ಒಂದೇ ತರ ಬರುವುದಿಲ್ಲ. 2001 ನೋಡಿ. ಲ್ಯೂಕ್ ಹಾಡ್ಜ್ 1, ಲ್ಯೂಕ್ ಬಾಲ್ 2, ಕ್ರಿಸ್ ಜಡ್ 3. ಜಡ್ ಎರಡು ಬ್ರೌನ್‌ಲೋ ಗೆದ್ದ, ಹಾಡ್ಜ್ ನಾಲ್ಕು ಕಪ್. ಅದೇ ವರ್ಷ ಜಿಮ್ಮಿ ಬಾರ್ಟೆಲ್ 8, ಸ್ಯಾಮ್ ಮಿಚೆಲ್ 36, ಮೇಲೆ ಹೇಳಿದ ಸ್ವಾನ್ 58. ಇಂಥ ವರ್ಷದಲ್ಲಿ 1ನೆಯದನ್ನು ಕೊಟ್ಟು ಎರಡು ಮೂರು ತಗೊಂಡರೂ ನಷ್ಟ ಕಮ್ಮಿ. ಮೇಲೆ ಒಬ್ಬನೇ ಎದ್ದು ಕಾಣುವ ವರ್ಷದಲ್ಲಿ ಮಾತ್ರ 1ನೇ ಪಿಕ್ ಹಿಡಿದುಕೊಂಡೇ ಇರಿ.

ಆಮೇಲೆ ಹುಡುಗ ಎಂಥವನು? ನಾನು ಮುಗ್ಗರಿಸಿದ್ದು ಇಲ್ಲೇ. ಮಿಡ್‌ಫೀಲ್ಡರ್‌ಗಳು ಬೇಗ ಕೈಗೆ ಬರುತ್ತಾರೆ, ಎತ್ತರದ ಫಾರ್ವರ್ಡ್‌ಗಳಿಗೆ ಮೈ ತುಂಬಲು ವರ್ಷಗಳೇ ಬೇಕು. ಸ್ಯಾಮ್ ವಾಲ್ಷ್ 2018ರಲ್ಲಿ 1ನೇ ಪಿಕ್, ಮರುವರ್ಷವೇ ಅತ್ಯುತ್ತಮ ಹೊಸಬ. 2008ರ 1ನೇ ಪಿಕ್ ಜ್ಯಾಕ್ ವಾಟ್ಸ್ ಎತ್ತರದ ಹುಡುಗ, ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ಮೆಲ್ಬರ್ನ್‌ನ ದೊಡ್ಡ ಮೈದಾನ ಎಂಸಿಜಿಯಲ್ಲಿ ಇಳಿಸಿದರು. ಪಾಪ, ಅವನನ್ನು ಜೀವನ ಪೂರ್ತಿ 2ನೇ ಪಿಕ್ ನಿಕ್ ನೈಟನೂಯಿ ಜೊತೆ ಹೋಲಿಸಿದರು. ಆದರೂ ಮಿಡ್‌ಫೀಲ್ಡರ್ ಅಂದ ತಕ್ಷಣ ಗ್ಯಾರಂಟಿ ಅಂದುಕೊಳ್ಳಬೇಡಿ. ಮ್ಯಾಟ್ ರೋವೆಲ್ 2019ರ 1ನೇ ಪಿಕ್, 2020ರಲ್ಲಿ ಮೊದಲ ಕೆಲವು ಮ್ಯಾಚ್‌ಗಳಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ, ಅಷ್ಟರಲ್ಲಿ ಭುಜಕ್ಕೆ ಪೆಟ್ಟಾಗಿ ಕೂತ. ಬ್ರೌನ್‌ಲೋ ಬಂದಿದ್ದು 2025ರಲ್ಲಿ. ಅಷ್ಟು ವರ್ಷ ಕಾಯುವ ತಾಳ್ಮೆ ನಿಮಗಿದೆಯಾ ಅನ್ನುವುದೂ ಬೆಲೆಯಲ್ಲಿ ಸೇರುತ್ತದೆ.

ಹುಡುಗ ಉಳಿಯುತ್ತಾನಾ ಅಂತಲೂ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಟಾಮ್ ಸ್ಕಲಿ 2009ರಲ್ಲಿ ಮೆಲ್ಬರ್ನ್‌ಗೆ 1ನೇ ಪಿಕ್, ಎರಡು ಸೀಸನ್ ಆಡಿ ಹೋದ. ಟಾಮ್ ಬಾಯ್ಡ್ 2013ರಲ್ಲಿ ಜಿಡಬ್ಲ್ಯುಎಸ್‌ಗೆ, ಒಂದೇ ಸೀಸನ್. ಹೋದ ಕ್ಲಬ್‌ಗೆ 2016ರ ಫೈನಲ್‌ನಲ್ಲಿ ಮೂರು ಗೋಲ್ ಹೊಡೆದು ಕಪ್ ಗೆಲ್ಲಿಸಿದ. ಜೇಸನ್ ಹಾರ್ನ್-ಫ್ರಾನ್ಸಿಸ್ 2021ರಲ್ಲಿ ನಾರ್ತ್ ಮೆಲ್ಬರ್ನ್‌ಗೆ, ಒಂದು ಸೀಸನ್ ಆಡಿ ತನ್ನ ಊರಿನ ಕಡೆ, ಪೋರ್ಟ್ ಅಡಿಲೇಡ್‌ಗೆ ಹೊರಟ. ಹದಿನೆಂಟರ ಹುಡುಗನಿಗೆ ಮನೆ ನೆನಪಾಗುವುದಿಲ್ಲವೇ? ಹರಿಹರದಿಂದ ಬೆಂಗಳೂರಿಗೆ ಓದಲು ಹೋದ ನಮ್ಮ ಹುಡುಗರೇ ಶುಕ್ರವಾರ ಸಂಜೆ ರೈಲು ಹತ್ತುತ್ತಾರೆ, ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ವಿಮಾನದಲ್ಲೇ ಗಂಟೆಗಟ್ಟಲೆ.

ಇನ್ನು ಮುಂದಿನ ವರ್ಷದ ಪಿಕ್. 2015ರಿಂದ ಅದನ್ನೂ ಮಾರಬಹುದು. ಚೀಟಿ ವ್ಯವಹಾರ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅರ್ಜೆಂಟ್ ಇದೆ ಅಂತ ಮೊದಲ ತಿಂಗಳೇ ಕೂಗಿ ಎತ್ತಿದವನು ಜಾಸ್ತಿ ಬಿಟ್ಟುಕೊಡಬೇಕು, ಕಾದವನಿಗೆ ಲಾಭ. ಕಾಲಿಂಗ್‌ವುಡ್ 2020ರಲ್ಲಿ ತನ್ನ ಮುಂದಿನ ವರ್ಷದ ಮೊದಲ ಪಿಕ್ ಅನ್ನು ಜಿಡಬ್ಲ್ಯುಎಸ್‌ಗೆ ಕೊಟ್ಟಿತು. 2020ರಲ್ಲಿ ಫೈನಲ್ಸ್ (ಕೊನೆಯ ನಾಕೌಟ್ ಹಂತ) ಆಡಿದ ತಂಡ, ಪಿಕ್ ಎಲ್ಲೋ ನಡುವೆ ಬರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. 2021ರಲ್ಲಿ 17ನೇ ಸ್ಥಾನಕ್ಕೆ ಕುಸಿಯಿತು, ಕೊಟ್ಟ ಪಿಕ್ 2ನೆಯದಾಯಿತು. ಅದೇ ವರ್ಷ ತಮ್ಮ ಹಳೆಯ ಆಟಗಾರನ ಮಗ ನಿಕ್ ಡೈಕೋಸ್ ಅವರಿಗೆ 4ನೇ ಪಿಕ್ ಆಗಿ ಸಿಕ್ಕ, ಅದೂ ಕೆಳಗಿನ ಸಣ್ಣ ಪುಟ್ಟ ಪಿಕ್‌ಗಳನ್ನು ಗುಡ್ಡೆ ಹಾಕಿ ತಗೊಂಡಿದ್ದು. 2023ರಲ್ಲಿ ಕಪ್ಪೂ ಗೆದ್ದರು. ಕೆಲವರಿಗೆ ಅದೃಷ್ಟ ಬೆನ್ನು ಬಿಡುವುದಿಲ್ಲ ಬಿಡಿ. ನೀವು ಮಾತ್ರ ಬೇರೆಯವರ ಮುಂದಿನ ಪಿಕ್ ಕೊಳ್ಳುವಾಗ, ಆ ತಂಡದಲ್ಲಿ ಎಷ್ಟು ಜನರಿಗೆ 30 ದಾಟಿದೆ ಅಂತ ಒಮ್ಮೆ ಎಣಿಸಿ.

ಟ್ರೇಡ್ ಚೆನ್ನಾಗಿತ್ತೋ ಇಲ್ಲವೋ ಅಂತ ತೀರ್ಪು ಕೊಡಲು ಆತುರ ಬೇಡ. 2001ರ ಆ 1ನೇ ಪಿಕ್ ನಿಜಕ್ಕೂ ಫ್ರೀಮ್ಯಾಂಟಲ್‌ನದ್ದು. ಅವರು ಅದನ್ನೂ 36ನೆಯದನ್ನೂ, ಇನ್ನೊಂದು ಪಿಕ್ ಜೊತೆಗೆ, ಹಾಥಾರ್ನ್‌ಗೆ ಕೊಟ್ಟು ಟ್ರೆಂಟ್ ಕ್ರೋಡ್ ಮತ್ತು ಲ್ಯೂಕ್ ಮೆಕ್‌ಫಾರ್ಲಿನ್ ಅವರನ್ನು ತಂದರು. ಹಾಥಾರ್ನ್‌ಗೆ ಹಾಡ್ಜ್, ಮಿಚೆಲ್ ಸಿಕ್ಕರು. ಎರಡೇ ವರ್ಷಕ್ಕೆ ಕ್ರೋಡ್ ಹಾಥಾರ್ನ್‌ಗೇ ವಾಪಸ್ ಬಂದು 2008ರ ಕಪ್ ಗೆದ್ದ ತಂಡದಲ್ಲೂ ಇದ್ದ. ಇದಕ್ಕಿಂತ ಕೆಟ್ಟ ವ್ಯಾಪಾರ ಇಲ್ಲ ಅನ್ನಿಸುತ್ತದೆ. ಆದರೆ ಮೆಕ್‌ಫಾರ್ಲಿನ್ ಫ್ರೀಮ್ಯಾಂಟಲ್‌ಗೆ 200ಕ್ಕೂ ಹೆಚ್ಚು ಮ್ಯಾಚ್ ಆಡಿದ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮಂಥ ಮನೆ ಲೀಗ್ ಆಡುವವರಿಗೆ ಒಂದು ಮಾತು ಬೇರೆಯೇ ಇದೆ. ಪ್ರತಿ ವರ್ಷ ತಂಡ ಹೊಸದಾಗಿ ಕಟ್ಟುವ ಲೀಗ್ ಆದರೆ ಹೊಸ ಹುಡುಗರ ಕಡೆ ತಿರುಗಿಯೂ ನೋಡಬೇಡಿ, ಒಣಗಿ ಚೀಲಕ್ಕೆ ತುಂಬಿದ ಮಾಲು ಎದುರಿಗೇ ಇರುವಾಗ ಹಸಿ ಕಾಯಿ ಯಾಕೆ? ಆಟಗಾರರನ್ನು ವರ್ಷ ವರ್ಷ ಇಟ್ಟುಕೊಳ್ಳುವ ಲೀಗ್ ಆದರೆ ಮಾತ್ರ ಖೇಣಿ ಲೆಕ್ಕ ಹಾಕಿ.

ಈ ಸಲ ನನಗೆ ಬಂದಿದ್ದು 6ನೇ ಚೀಟಿ. 1ನೇ ಚೀಟಿ ಎತ್ತಿದವನು ಹೈಸ್ಕೂಲ್ ಮೈದಾನದ ಹತ್ತಿರ ಟೀ ಕುಡಿಯುವಾಗ ಸಿಕ್ಕು, “ನಿನ್ನ 6, ಜೊತೆಗೆ ಮುಂದಿನ ವರ್ಷದ ಮೊದಲ ಸರದಿ ಕೊಡು, 1 ತಗೋ” ಅಂದ. ನಾನು ನೆಲ ನೋಡುತ್ತಾ ನಿಂತೆ. ಅವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ, “ಏನಲೇ, ಏನು ಕಳೀತು?” ಅಂತ ಕೇಳಿದ.