ಒಂದು ವಿಧಾನಸಭೆ, ಐದು ವರ್ಷ: ಶಾಸಕರ ಪಟ್ಟಿಯನ್ನು ನಾವೇ ಬರೆದಿಡುವುದು ಹೇಗೆ?

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಗೆದ್ದವರ ಪಟ್ಟಿ ಅಚ್ಚಾಗುತ್ತದೆ. ಮುಂಬಯಿಯ ಅಂಧೇರಿ ಪೂರ್ವದಲ್ಲಿ ನಮ್ಮೂರಿನವರೊಬ್ಬರು ನಡೆಸುವ ಹೋಟೆಲಿನಲ್ಲಿ 2019ರ ಅಂಥದೊಂದು ಪಟ್ಟಿಯನ್ನು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದ್ದರು. ಒಲೆಯ ಹೊಗೆ ಕುಡಿದು ಕಾಗದ ಹಳದಿಯಾಗಲು ಐದು ವರ್ಷ ಬೇಕಾಯಿತು. ಅದರಲ್ಲಿದ್ದ ವಿವರ ಹಳತಾಗಲು ಅಷ್ಟು ಕಾಲವೂ ಬೇಕಾಗಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಹೋಟೆಲು ಇರುವ ಕ್ಷೇತ್ರದ ಶಾಸಕರ ಹೆಸರೇ ಆ ಪಟ್ಟಿಯಲ್ಲಿ ಇರಲಿಲ್ಲ.

ಉದ್ದರಿ ಪುಸ್ತಕ ಬರೆದು ಬಲ್ಲವರಿಗೆ ಇದಕ್ಕೆ ಪರಿಹಾರವನ್ನು ಹೇಳಿಕೊಡಬೇಕಾಗಿಲ್ಲ. ಹಳೆಯ ನಮೂದನ್ನು ಅಳಿಸದೆ, ಹೊಸದನ್ನು ತಾರೀಕಿನ ಸಮೇತ ಅದರ ಕೆಳಗೆ ಬರೆಯಬೇಕು. ಶಾಸಕರ ಪಟ್ಟಿಗೂ ಇದೇ ಕ್ರಮ. ಬೇಕಾಗುವುದು ಇನ್ನೂರು ಪುಟದ ಒಂದು ನೋಟ್‌ಬುಕ್, ಕ್ಷೇತ್ರಕ್ಕೆ ಅರ್ಧ ಪುಟದಷ್ಟು ಜಾಗ ಮತ್ತು ಒಂದಿಷ್ಟು ತಾಳ್ಮೆ. ಅಭ್ಯಾಸಕ್ಕೆ ಮಹಾರಾಷ್ಟ್ರದ 14ನೇ ವಿಧಾನಸಭೆಯನ್ನು ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದರ ಅವಧಿ ಮುಗಿದಿದೆ ಮತ್ತು ಐದು ವರ್ಷಗಳಲ್ಲಿ ಒಂದು ಸಭೆಗೆ ಏನೇನು ಆಗಬಹುದೋ ಅದರಲ್ಲಿ ಬಹುಪಾಲು ಅದಕ್ಕೆ ಆಗಿಹೋಗಿದೆ.

ಮೊದಲು ತಾರೀಕು, ಆಮೇಲೆ ಕ್ಷೇತ್ರ

ಮೊದಲ ಪುಟದಲ್ಲಿ ಅವಧಿಯ ಆರಂಭವನ್ನು ಬರೆಯಬೇಕು. ಇಲ್ಲಿ ಅನೇಕರು ಎಡವುತ್ತಾರೆ. 2019ರ ಫಲಿತಾಂಶ ಅಕ್ಟೋಬರ್ 24ರಂದು ಬಂದಿದ್ದರೂ, ಸಂವಿಧಾನದ 172ನೇ ವಿಧಿಯ ಪ್ರಕಾರ ಐದು ವರ್ಷಗಳ ಎಣಿಕೆ ಸಭೆಯ ಮೊದಲ ಬೈಠಕ್ಕಿನಿಂದ ಶುರುವಾಗುತ್ತದೆ. ನಡುವೆ ರಾಷ್ಟ್ರಪತಿ ಆಳ್ವಿಕೆಯೂ ಮೂರೇ ದಿನ ಬಾಳಿದ ಒಂದು ಸರಕಾರವೂ ಬಂದು ಹೋದವು. ಸದಸ್ಯರು ಪ್ರಮಾಣವಚನ ಸ್ವೀಕರಿಸಿದ್ದು ನವೆಂಬರ್ 27ರಂದು. ಆದ್ದರಿಂದ ಈ ಪುಸ್ತಕದ ಕೊನೆಯ ದಿನ 2024ರ ನವೆಂಬರ್ 26.

ವಿಧಾನಸಭೆಯಲ್ಲಿ 288 ಕ್ಷೇತ್ರಗಳಿವೆ. ಎಲ್ಲವನ್ನೂ ಬರೆಯಹೊರಟರೆ ಎರಡನೆಯ ವಾರಕ್ಕೇ ಕೈ ಸೋಲುತ್ತದೆ. ಮುಂಬಯಿಯ 36 ಸಾಕು: ನಗರ ಜಿಲ್ಲೆಯ 10, ಉಪನಗರ ಜಿಲ್ಲೆಯ 26. ಊರಿನ ನಂಟಿಗಾಗಿ ಅಕ್ಕಲಕೋಟೆ, ಜತ್ತ ಮೊದಲಾದ ಗಡಿ ಕ್ಷೇತ್ರಗಳನ್ನು ಸೇರಿಸಿಕೊಳ್ಳಬಹುದು. ಹಳಬರು ಈಗಲೂ ತಮ್ಮದು ‘ಮಾಟುಂಗಾ ಕ್ಷೇತ್ರ’ ಎನ್ನುವುದುಂಟು. ಆ ಹೆಸರಿನ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ವಾಸದ ಬಡಾವಣೆಯ ಹೆಸರನ್ನು ನಂಬದೆ, ಮತದಾರರ ಪಟ್ಟಿಯಲ್ಲಿರುವ ಕ್ಷೇತ್ರದ ಹೆಸರನ್ನೂ ಸಂಖ್ಯೆಯನ್ನೂ ನೋಡಿಯೇ ಬರೆದುಕೊಳ್ಳಬೇಕು. ಕ್ಷೇತ್ರಕ್ಕೆ ಮರಾಠಿಯಲ್ಲಿ ‘ಮತದಾರಸಂಘ’ ಎನ್ನುತ್ತಾರೆ. ಬೀದಿಗೊಂದು ಸಂಘ ಕಟ್ಟಿಕೊಂಡಿರುವ ಮುಂಬಯಿಯ ನಮ್ಮ ಕನ್ನಡಿಗರಿಗೆ ಅದು ಇನ್ನೊಂದು ಸಂಘದ ಹೆಸರಿನಂತೆ ಕೇಳಿಸಿದರೆ ತಪ್ಪೇನಿಲ್ಲ.

ಹೆಸರಿನ ಕಾಲಂ

ಹೆಸರನ್ನು ಪೂರ್ತಿಯಾಗಿ ಬರೆಯಬೇಕು, ಅಡ್ಡಹೆಸರು ಮಾತ್ರ ಸಾಲದು. ಅಂಧೇರಿ ಪೂರ್ವದ ರಮೇಶ್ ಲಟ್ಕೆ 2022ರ ಮೇ ತಿಂಗಳಲ್ಲಿ ತೀರಿಕೊಂಡರು. ನವೆಂಬರಿನ ಉಪಚುನಾವಣೆಯಲ್ಲಿ ಅವರ ಪತ್ನಿ ಋತುಜಾ ಲಟ್ಕೆ ಗೆದ್ದರು. ಬರೀ ‘ಲಟ್ಕೆ’ ಎಂದು ಬರೆದವರ ಪುಸ್ತಕದಲ್ಲಿ ಈ ಸಾವೂ ಇಲ್ಲ, ಈ ಚುನಾವಣೆಯೂ ಇಲ್ಲ. ದೇಗಲೂರು, ಕೊಲ್ಹಾಪುರ ಉತ್ತರ ಮತ್ತು ಪುಣೆಯ ಪಕ್ಕದ ಚಿಂಚವಾಡಗಳಲ್ಲಿಯೂ ಅದೇ ಅವಧಿಯಲ್ಲಿ ಸ್ಥಾನ ಒಂದೇ ಅಡ್ಡಹೆಸರಿನವರಿಗೆ ದಾಟಿತು. ಅಂಧೇರಿಯ ಉಪಚುನಾವಣೆಯಲ್ಲಿ ಇನ್ನೊಂದು ವಿಶೇಷವಿತ್ತು: ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಿಂತೆಗೆದುಕೊಂಡಿದ್ದರಿಂದ, ಎರಡನೆಯ ಸ್ಥಾನದಲ್ಲಿ ನಿಂತದ್ದು 12,806 ಮತ ಪಡೆದ ‘ನೋಟಾ’. ಇಂಥ ಸಂಗತಿಯನ್ನು ಅಂಚಿನಲ್ಲಿ ಟಿಪ್ಪಣಿಯಾಗಿ ಬರೆದಿಟ್ಟರೆ ಮುಂದೆ ಓದುವವರಿಗೆ ಅಂಕಿಯ ಹಿಂದಿನ ಕತೆಯೂ ಸಿಗುತ್ತದೆ.

ಉಪಚುನಾವಣೆಯಲ್ಲಿ ಪಕ್ಷವೇ ಬದಲಾದ ಸಾಲುಗಳಿಗೆ ಬೇರೆ ಬಣ್ಣದ ಶಾಯಿ ಬಳಸಿದರೆ ಅನುಕೂಲ. ಪಂಢರಪುರ 2021ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನಿಂದ ಬಿಜೆಪಿಗೆ, ಪುಣೆಯ ಕಸಬಾ ಪೇಠ 2023ರ ಮಾರ್ಚಿನಲ್ಲಿ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋದವು.

ಪಕ್ಷದ ಕಾಲಂಗೆ ಹೆಚ್ಚು ಜಾಗ ಬಿಡಿ

ಈ ಅವಧಿಯ ಪುಸ್ತಕ ಕೆಡುವುದು ಇಲ್ಲಿಯೇ. 2019ರಲ್ಲಿ ಶಿವಸೇನೆಯ 56 ಮತ್ತು ರಾಷ್ಟ್ರವಾದಿ ಕಾಂಗ್ರೆಸ್ಸಿನ 54 ಮಂದಿ ಗೆದ್ದಿದ್ದರು. 2022ರ ಜೂನ್‌ನಲ್ಲಿ ಏಕನಾಥ ಶಿಂದೆ ಅವರ ಗುಂಪು ಬೇರೆಯಾಯಿತು. 2023ರ ಫೆಬ್ರುವರಿ 17ರಂದು ಚುನಾವಣಾ ಆಯೋಗವು ಪಕ್ಷದ ಹೆಸರನ್ನೂ ಬಿಲ್ಲುಬಾಣದ ಚಿಹ್ನೆಯನ್ನೂ ಆ ಗುಂಪಿಗೆ ನೀಡಿತು. 2024ರ ಜನವರಿ 10ರಂದು ತೀರ್ಪು ಕೊಟ್ಟ ವಿಧಾನಸಭಾಧ್ಯಕ್ಷರು ಎರಡೂ ಬಣಗಳಲ್ಲಿ ಯಾರನ್ನೂ ಅನರ್ಹಗೊಳಿಸಲಿಲ್ಲ. ರಾಷ್ಟ್ರವಾದಿ ಕಾಂಗ್ರೆಸ್ಸಿನಲ್ಲಿ 2023ರ ಜುಲೈ 2ರಿಂದ ಇದೇ ನಡೆ ಮರುಕಳಿಸಿತು. ಒಬ್ಬ ಸದಸ್ಯ ಎಲ್ಲಿಗೂ ಪಕ್ಷಾಂತರ ಮಾಡಿದ್ದೇನೆಂದು ಒಪ್ಪದೆ, ತಾನೇ ಮೂಲ ಪಕ್ಷ ಎನ್ನುತ್ತಿರುವಾಗ ನಾವು ಏನು ಬರೆಯಬೇಕು? ನನ್ನ ಅಭಿಪ್ರಾಯದಲ್ಲಿ ಮೂರು ನಮೂದು ಬೇಕು: ಗೆದ್ದಾಗಿನ ಚಿಹ್ನೆ, ಸದನದಲ್ಲಿ ಯಾರ ಜೊತೆ ನಿಂತರು ಎಂಬುದು ಯಾವ ದಿನದಿಂದ, ಮತ್ತು ಆಯೋಗ ಅಥವಾ ಅಧ್ಯಕ್ಷರ ತೀರ್ಮಾನದ ತಾರೀಕು. ‘ನಿಷ್ಠಾವಂತ’, ‘ದ್ರೋಹಿ’ ಎಂಬ ಪದಗಳನ್ನು ಪುಸ್ತಕದ ಹೊರಗಿಡಬೇಕು. ಅವು ಗಲ್ಲಾದ ಎದುರಿನ ಚರ್ಚೆಗೆ ಇರಲಿ.

ಹುದ್ದೆ ಮತ್ತು ಹಾಜರಿ

ಸದಸ್ಯತ್ವ ಒಂದು, ಹುದ್ದೆ ಇನ್ನೊಂದು. ಬಾರಾಮತಿಯ ಸಾಲು ಇದಕ್ಕೆ ತಕ್ಕ ಉದಾಹರಣೆ: ಅಜಿತ್ ಪವಾರ್ ಐದು ವರ್ಷವೂ ಅಲ್ಲಿಯ ಸದಸ್ಯರೇ, ಆದರೆ ಅವರು 2019ರ ನವೆಂಬರಿನಲ್ಲಿ ಮೂರು ದಿನ ಉಪಮುಖ್ಯಮಂತ್ರಿ, ಅದೇ ಡಿಸೆಂಬರಿನಿಂದ ಮತ್ತೆ ಉಪಮುಖ್ಯಮಂತ್ರಿ, 2022ರ ಜುಲೈಯಿಂದ ವಿರೋಧ ಪಕ್ಷದ ನಾಯಕ, 2023ರ ಜುಲೈಯಿಂದ ಪುನಃ ಉಪಮುಖ್ಯಮಂತ್ರಿ. ಇದಕ್ಕೆ ತದ್ವಿರುದ್ಧವಾಗಿ, ಎರಡೂವರೆ ವರ್ಷ ಮುಖ್ಯಮಂತ್ರಿಯಾಗಿದ್ದ ಉದ್ಧವ್ ಠಾಕ್ರೆ ಈ ಪುಸ್ತಕದ ಯಾವ ಸಾಲಿನಲ್ಲಿಯೂ ಸಿಗುವುದಿಲ್ಲ. ಅವರು 2020ರ ಮೇ ತಿಂಗಳಲ್ಲಿ ಸೇರಿದ್ದು ವಿಧಾನ ಪರಿಷತ್ತನ್ನು. ಪರಿಷತ್ತು ವಿಸರ್ಜನೆಯಾಗುವುದಿಲ್ಲ, ಅದರ ಸದಸ್ಯರು ಸರದಿಯಂತೆ ನಿವೃತ್ತರಾಗುತ್ತಾರೆ; ಹಾಗಾಗಿ ಅದನ್ನು ಇದೇ ನೋಟ್‌ಬುಕ್ಕಿಗೆ ತುರುಕಬಾರದು. ಅಧ್ಯಕ್ಷರ ಸಾಲಿನಲ್ಲಿ ಖಾಲಿ ಜಾಗ ಕಂಡರೆ ಗಾಬರಿಯಾಗಬೇಕಿಲ್ಲ: ನಾನಾ ಪಟೋಲೆ 2021ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟ ಮೇಲೆ, 2022ರ ಜುಲೈ 3ರಂದು ರಾಹುಲ್ ನಾರ್ವೇಕರ್ ಆಯ್ಕೆಯಾಗುವ ತನಕ ಆ ಪೀಠ ನಿಜಕ್ಕೂ ಖಾಲಿಯಿತ್ತು.

ಅಮಾನತನ್ನೂ ಬರೆದಿಡಬೇಕು. 2021ರ ಜುಲೈ 5ರಂದು ಬಿಜೆಪಿಯ 12 ಸದಸ್ಯರನ್ನು ಒಂದು ವರ್ಷದ ಮಟ್ಟಿಗೆ ಅಮಾನತು ಮಾಡಲಾಯಿತು. ಅಧಿವೇಶನ ಮುಗಿದ ಮೇಲೂ ಅಮಾನತು ಮುಂದುವರಿಸುವುದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ 2022ರ ಜನವರಿ 28ರಂದು ಅದನ್ನು ರದ್ದುಪಡಿಸಿತು. ಅಮಾನತಿನಿಂದ ಸದಸ್ಯತ್ವ ಹೋಗುವುದಿಲ್ಲ, ಆದ್ದರಿಂದ ಆ ಹೆಸರುಗಳ ಮೇಲೆ ಗೆರೆ ಎಳೆಯಬಾರದು.

ಕಲಾಪದ ವರದಿ ಓದುವಾಗ ಎರಡು ಮರಾಠಿ ಪದಗಳು ನೆನಪಿನಲ್ಲಿದ್ದರೆ ಸಾಕು. ‘ತಾರಾಂಕಿತ ಪ್ರಶ್ನ’ ಎಂದರೆ ನಮ್ಮ ಚುಕ್ಕೆ ಗುರುತಿನ ಪ್ರಶ್ನೆ. ‘ಲಕ್ಷವೇಧಿ’ಯಲ್ಲಿ ಲಕ್ಷ ರೂಪಾಯಿಯ ಮಾತಿಲ್ಲ, ಅದು ಗಮನ ಸೆಳೆಯುವ ಸೂಚನೆ.

ಕೊನೆಯ ಪುಟಕ್ಕೆ ಬಂದಾಗ ಒಂದೆರಡು ಸಾಲುಗಳು ತೆರೆದೇ ಉಳಿಯುತ್ತವೆ. 2024ರ ಜೂನ್‌ನಲ್ಲಿ ಧಾರಾವಿಯ ವರ್ಷಾ ಗಾಯಕವಾಡ್ ಮತ್ತು ಜೋಗೇಶ್ವರಿ ಪೂರ್ವದ ರವೀಂದ್ರ ವಾಯ್ಕರ್ ಲೋಕಸಭೆಗೆ ಗೆದ್ದು ಹೋದರು. ತೆರವಾದ ಸ್ಥಾನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ನಡೆಸಲೇಬೇಕೆಂಬ ಕಟ್ಟುಪಾಡು ಕಾನೂನಿನಲ್ಲಿಲ್ಲವಾದ್ದರಿಂದ, ಆ ಎರಡು ಸ್ಥಾನಗಳು ನವೆಂಬರಿನವರೆಗೂ ಹಾಗೆಯೇ ಉಳಿದವು. ಅಲ್ಲಿ ‘ಖಾಲಿ’ ಎಂದು ಬರೆದು ತಾರೀಕು ಹಾಕಿ. 15ನೇ ವಿಧಾನಸಭೆಯ ಹೊಸ ಪುಸ್ತಕದಲ್ಲಿ ಧಾರಾವಿಯ ಎದುರು ಮತ್ತೆ ಗಾಯಕವಾಡ್ ಎಂಬ ಹೆಸರೇ ಬರುತ್ತದೆ; ಆದರೆ ಇವರು ವರ್ಷಾ ಅವರ ತಂಗಿ ಜ್ಯೋತಿ.