ಬೀಕನ್‌ ಸೆಲ್‌: ನಾನು 60 ಪರ್ಸೆಂಟಿಗೇ ಬದಲಿಸುತ್ತೇನೆ

ಸಾಲ್ಟ್ ಲೇಕ್ ಸಿಟಿಗೆ ಬಂದ ಎರಡನೇ ಚಳಿಗಾಲ. ನವೆಂಬರಿನಲ್ಲಿ ಹಿಮ ಬಿತ್ತೆಂದು ಖುಷಿಯಿಂದ ಹಿಮಕುಸಿತದ ಬೀಕನ್ ಹೊರತೆಗೆದೆ. ಆನ್ ಆಗಲಿಲ್ಲ. ಮುಚ್ಚಳ ತೆಗೆದರೆ ಮೂರೂ ಸೆಲ್ ಸೋರಿ, ಸ್ಪ್ರಿಂಗಿಗೆಲ್ಲ ಬಿಳಿ ಹುಡಿ ಮೆತ್ತಿಕೊಂಡಿತ್ತು. ಏಪ್ರಿಲಿನಲ್ಲಿ ಸೆಲ್ ತೆಗೆಯದೆ ಕಪಾಟಿಗೆ ಎಸೆದವನು ನಾನೇ, ಯಾರನ್ನು ಬೈಯಲಿ? ವಿನಿಗರ್ ಹಚ್ಚಿ ಒರೆಸಿದ್ದರೆ ಸರಿಹೋಗುತ್ತಿತ್ತೇನೋ. ಆದರೆ ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕುವ ಸಾಮಾನು ಅದು. ಹಿಮದ ಬೆಟ್ಟ ಹತ್ತುವಾಗ ಎಲ್ಲರ ಮೈಮೇಲೂ ಅದು ಸಂಕೇತ ಬಿಡುತ್ತಿರುತ್ತದೆ; ಯಾರಾದರೂ ಹೂತರೆ ಉಳಿದವರು ತಮ್ಮದನ್ನು ಹುಡುಕಲು ಹಾಕುತ್ತಾರೆ. 'ಏನೋ' ಎಂದು ನಂಬಿ ಹೋಗಲಾಗುವುದಿಲ್ಲ, ಅಲ್ವಾ? ಹೊಸದು ಕೊಂಡೆ.

ನನ್ನದಕ್ಕೆ ಟಿವಿ ರಿಮೋಟಿನ ಸಣ್ಣ ಆಲ್ಕಲೈನ್ ಸೆಲ್ ಮೂರು ಬೇಕು. ಇಂಥ ಬೀಕನ್‌ಗೆ ರೀಚಾರ್ಜ್ ಸೆಲ್ ಹಾಕಬೇಡಿ. ಪರದೆಯ ಪರ್ಸೆಂಟ್ ಎಂದರೆ ವೋಲ್ಟೇಜ್ ನೋಡಿ ಮಾಡಿದ ಊಹೆ, ಅಷ್ಟೇ. ಆಲ್ಕಲೈನ್ 1.5 ವೋಲ್ಟಿನಿಂದ ನಿಧಾನಕ್ಕೆ ಇಳಿಯುವುದರಿಂದ ಊಹೆ ಸುಮಾರಾಗಿ ಸರಿಯಿರುತ್ತದೆ. ರೀಚಾರ್ಜ್ ಸೆಲ್ 1.2ರ ಹತ್ತಿರವೇ ಕೂತಿದ್ದು ಕೊನೆಗೆ ದಿಢೀರ್ ಕೈಕೊಡುತ್ತದೆ. ಲಿಥಿಯಂ ಕೂಡ ಹೀಗೇ. ಮ್ಯಾನುಯಲ್ ಒಪ್ಪಿದ್ದರೆ ಮಾತ್ರ, ಸೆಟ್ಟಿಂಗ್ ಬದಲಿಸಿ ಹಾಕಿ. ಹಳೆಯದು ಹೊಸದು ಬೆರೆಸುವುದಂತೂ ಬೇಡ.

ಯಾವಾಗ ಬದಲಿಸಬೇಕು? ಯುರೋಪಿನ ಮಾನದಂಡದ ಪ್ರಕಾರ 10 ಡಿಗ್ರಿಯಲ್ಲಿ 200 ಗಂಟೆ ಸಂಕೇತ ಬಿಟ್ಟ ಮೇಲೂ ಮೈನಸ್ 10ರಲ್ಲಿ ಒಂದು ಗಂಟೆ ಹುಡುಕುವಷ್ಟು ಶಕ್ತಿ ಉಳಿದಿರಬೇಕು. ಆ ಹುಡುಕಾಟವೇ ಸೆಲ್ ತಿನ್ನುವುದು. ಅದೂ ಜಾಕೆಟಿನ ಬೆಚ್ಚಗೆಯಿಂದ ಹೊರಗೆ, ಚಳಿಯಲ್ಲಿ. ಅದಕ್ಕೇ ನಾನು 60 ಪರ್ಸೆಂಟಿಗೇ ಬದಲಿಸುತ್ತೇನೆ. ಜಾಸ್ತಿಯಾಯಿತು ಎಂದು ಗೆಳೆಯರು ನಗುತ್ತಾರೆ, ನಗಲಿ. ತೆಗೆದ ಸೆಲ್‌ನಿಂದ ನಮ್ಮ ಮನೆಯ ರಿಮೋಟುಗಳು ಸುಖವಾಗಿವೆ.

ಇನ್ನು ಪರ್ಸೆಂಟ್ 100 ಇದ್ದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದಲ್ಲ. ಅದನ್ನು ಹೇಳಬೇಕಾದ್ದು ಇನ್ನೊಂದು ಬೀಕನ್. ಎಲ್ಲ ಕಂಪನಿಯವೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುವುದರಿಂದ ಯಾರದ್ದಾದರೂ ಆಗುತ್ತದೆ. ಬಿಗ್ ಕಾಟನ್‌ವುಡ್ ಕಣಿವೆಯಲ್ಲಿ ಕಾರು ನಿಲ್ಲಿಸಿದ ಮೇಲೆ ನಾವು ಹೀಗೆ ಮಾಡುತ್ತೇವೆ. ಮೊದಲು ಒಬ್ಬ ಮಾತ್ರ ಸಂಕೇತ ಬಿಡುತ್ತಾನೆ, ಉಳಿದವರೆಲ್ಲ ಹುಡುಕುವ ಮೋಡ್‌ಗೆ ಹಾಕುತ್ತಾರೆ. ಎಲ್ಲರಿಗೂ ಸಿಕ್ಕಿತೇ ನೋಡುತ್ತೇವೆ. ಆಮೇಲೆ ಅದಲುಬದಲು. ಅವನು ಹುಡುಕುವ ಮೋಡ್‌ನಲ್ಲಿ ಮುಂದೆ ಹೋಗಿ ನಿಲ್ಲುತ್ತಾನೆ, ಉಳಿದವರು ಸಂಕೇತ ಬಿಡುತ್ತಾ, ಅಂತರ ಬಿಟ್ಟು ಒಬ್ಬೊಬ್ಬರಾಗಿ ಅವನನ್ನು ದಾಟುತ್ತಾರೆ. ಗುಂಪಾಗಿ ಹೋದರೆ ಯಾರದ್ದು ಕೇಳಿಸಿತೋ ಗೊತ್ತಾಗುವುದಿಲ್ಲ.

ಎಡವಟ್ಟಾಗುವುದು ಇಲ್ಲೇ. ಪರೀಕ್ಷೆ ಮಾಡಿದವನು ತನ್ನದನ್ನು ಮತ್ತೆ ಸಂಕೇತಕ್ಕೆ ಹಾಕಲು ಮರೆಯುತ್ತಾನೆ. ಒಮ್ಮೆ ನಾನೇ ಮರೆತು ಅರ್ಧ ಗಂಟೆ ಹತ್ತಿದ್ದೆ. ಈಗ ಕೊನೆಯಲ್ಲಿ ದಾಟಿದವನು ತಿರುಗಿ ನಿಂತು ಪರೀಕ್ಷೆ ಮಾಡಿದವನದನ್ನೂ ನೋಡಲೇಬೇಕು.

ಫೋನ್ ಬೀಕನ್‌ನಿಂದ 20 ಸೆಂಟಿಮೀಟರ್ ದೂರವಿರಲಿ, ಹುಡುಕುವಾಗ 50; ಇಲ್ಲದಿದ್ದರೆ ಬೀಕನ್ ಕೆಲಸ ಕೆಡುತ್ತದೆ. ಬ್ಯಾಟರಿಯಿಂದ ಕೈ ಬಿಸಿ ಮಾಡುವ ಗ್ಲೌಸಿಗೂ ಇದೇ ಮಾತು.

ಏಪ್ರಿಲ್ ಕೊನೆಗೆ ಸೆಲ್ ತೆಗೆದು, ಮುಚ್ಚಳವನ್ನು ರಬ್ಬರ್ ಬ್ಯಾಂಡಿನಿಂದ ಬೀಕನ್‌ಗೇ ಕಟ್ಟಿಡಿ. ಹೋದ ವರ್ಷ ಸೆಲ್ ನೆನಪಾಯಿತು, ಮುಚ್ಚಳ ಕಳೆಯಿತು.